ಕೆಂಪು ಗೆರೆ ಕಡಿಮೆ ಮಾಡಿದ ಕೆಲಸ: ನನ್ನ ಕನ್ನಡ ಸ್ಪೆಲ್‌ಚೆಕ್ಕರ್ ಆಡ್-ಇನ್‌ನ ರಿಪೇರಿ ಡೈರಿ

ಚಿಕ್ಕಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಲ್ಯಾಪ್‌ಟಾಪ್ ಪರದೆಯನ್ನು ಓರೆಯಾಗಿ ಹಿಡಿದು ತೆಗೆದದ್ದು. ಲಿಬ್ರೆಆಫೀಸ್ ರೈಟರ್ ಅನ್ನುವ ಬರವಣಿಗೆ ತಂತ್ರಾಂಶದಲ್ಲಿ ಒಂದು ಪುಟ, ಪುಟದ ತುಂಬಾ ಕೆಂಪು ಗೆರೆ. ಕೆಳಗೆ ಒಂದೇ ಸಾಲು: "ಮೂವತ್ತು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಇಷ್ಟು ತಪ್ಪು ಬರೆಯೋದಿಲ್ಲ ನಾನು. ಇದನ್ನು ತೆಗೆಯೋದು ಹೇಗೆ?"

ಆ ಕೆಂಪು ಗೆರೆ ಹಾಕುತ್ತಿರುವುದು ಲಿಬ್ರೆಆಫೀಸಿಗೆ ನಾನೇ ಕಟ್ಟಿ ಸೇರಿಸಿದ ಆಡ್-ಇನ್ ಅಂದುಕೊಂಡೆ. ಅದನ್ನು ಬಳಸುವವರು ಮೂರೇ ಜನ: ಊರಿನ ಸ್ಮರಣ ಸಂಚಿಕೆ ತಿದ್ದುವ ಚಿಕ್ಕಮ್ಮ, ಡಿಟಿಪಿ ಕೆಲಸ ಮಾಡುವ ಗೆಳೆಯ, ಮತ್ತೆ ನಾನು. ಮೂವರಲ್ಲಿ ಒಬ್ಬರು ಬಿಟ್ಟುಹೋದರೆ ಮೂರನೇ ಒಂದು ಭಾಗ ಹೋದ ಹಾಗೆ. ಹಾಗಾಗಿ ಹೊಸದೇನನ್ನೂ ಸೇರಿಸದೆ, ಇದ್ದದ್ದನ್ನು ಸರಿಮಾಡಲು ಕೂತೆ. ಆಮೇಲೆ ನನಗೇ ಮರೆತುಹೋಗಬಾರದು ಅಂತ ಇದನ್ನು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೂ ಉಪಯೋಗ ಆದೀತು.

ಒಳಗೆ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಆಡ್-ಇನ್ ಅಂದರೆ 'ಓಎಕ್ಸ್‌ಟಿ' ಅನ್ನುವ ಒಂದು ಫೈಲು. ಅದು ನಿಜಕ್ಕೂ ಜಿಪ್ ಫೈಲೇ, ಹೆಸರು ಮಾತ್ರ ಬೇರೆ. ಅದರೊಳಗೆ ಎರಡು ಮುಖ್ಯ ಫೈಲುಗಳು. 'ಡಿಕ್' ಫೈಲಿನಲ್ಲಿ ಮೂಲ ಪದಗಳ ಪಟ್ಟಿ. 'ಆಫ್' ಫೈಲಿನಲ್ಲಿ ಪ್ರತ್ಯಯ ಸೇರುವ ನಿಯಮಗಳು. ಇವೆರಡನ್ನೂ ಓದಿ ಕಾಗುಣಿತ ನೋಡುವ ತಂತ್ರಾಂಶ ಹನ್‌ಸ್ಪೆಲ್. ಫೈರ್‌ಫಾಕ್ಸಿನಲ್ಲೂ ಇರುವುದು ಅದೇ. ಲಾಸ್ಲೋ ನೇಮೆತ್ ಅದನ್ನು ಹಂಗೇರಿಯನ್ ಭಾಷೆಗೆಂದು ಕಟ್ಟಿದ್ದು. ಹಂಗೇರಿಯನ್ ಕೂಡ ನಮ್ಮ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವ ಭಾಷೆ. ಇದು ನಮಗೆ ಅದೃಷ್ಟವೇ ಅನ್ನಿ. ಇವುಗಳ ಜೊತೆಗೆ ನಾನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಣ್ಣ ಭಾಗವೊಂದಿದೆ. ಲೈಟ್‌ಪ್ರೂಫ್ ಅನ್ನುವ ವ್ಯಾಕರಣ ಪರೀಕ್ಷೆಯ ಚೌಕಟ್ಟನ್ನು ನೋಡಿ ಕಲಿತು ಮಾಡಿದ್ದು. ಅದು ವಾಕ್ಯದ ಮಟ್ಟದ ತಪ್ಪುಗಳಿಗೆ ನೀಲಿ ಗೆರೆ ಹಾಕುತ್ತದೆ.

ಚಿಕ್ಕಮ್ಮನ ಫೋಟೋದ ಸಮಸ್ಯೆಗೆ ಅರ್ಧ ಉತ್ತರ ಹತ್ತು ನಿಮಿಷದಲ್ಲೇ ಸಿಕ್ಕಿತು. ಲಿಬ್ರೆಆಫೀಸಿನಲ್ಲಿ ಒಂದು ಡಾಕ್ಯುಮೆಂಟಿಗೆ ಮೂರು ಭಾಷೆ ಇರುತ್ತವೆ: ಪಾಶ್ಚಾತ್ಯ ಲಿಪಿಗೆ ಒಂದು, ಚೀನೀ ಜಪಾನೀ ಥರದವಕ್ಕೆ ಒಂದು, 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಲಿಪಿಗಳಿಗೆ ಒಂದು. ಕನ್ನಡ ಬರುವುದು ಮೂರನೆಯದರಲ್ಲಿ. ಚಿಕ್ಕಮ್ಮನ ಲ್ಯಾಪ್‌ಟಾಪಿನಲ್ಲಿ ಅಲ್ಲಿ ಹಿಂದಿ ಕೂತಿತ್ತು. ಅಂದರೆ ಅವರ ಕನ್ನಡವನ್ನು ಹಿಂದಿ ಪದಪಟ್ಟಿಯ ಜೊತೆ ಹೋಲಿಸಿ ನೋಡುತ್ತಿತ್ತು! ಹಿಂದಿ ಡಿಕ್ಷನರಿ ಹಾಕಿದ್ದರೆ ಎಲ್ಲವೂ ಕೆಂಪು, ಹಾಕಿಲ್ಲದಿದ್ದರೆ ಒಂದೂ ಇಲ್ಲ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ಕನ್ನಡ ಆರಿಸಿದರೆ ಸಾಕು. ಹಳೇ ಡಾಕ್ಯುಮೆಂಟುಗಳಲ್ಲಿ ಹಿಂದಿಯೇ ಅಂಟಿಕೊಂಡಿರುತ್ತದೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಭಾಷೆ ಬದಲಾಯಿಸಬೇಕು.

ಫೋನಿನಲ್ಲಿ ಹೇಳಿ ಮಾಡಿಸಿದೆ. ಕೆಂಪು ಗೆರೆ ತುಂಬಾ ಕಡಿಮೆ ಆದವು. ಆದರೆ ಉಳಿದವೇ ನಿಜವಾದ ತಲೆನೋವು. ಅವೆಲ್ಲಾ ನನ್ನ ತಪ್ಪುಗಳು.

ಸೊನ್ನೆ ಮತ್ತು ಒಂಬತ್ತು

ಮೊದಲು ಗೆಳೆಯನ ದೂರು ತಗೊಂಡೆ. ಅದು ತಲೆಕೆಳಗು ದೂರು. ತಪ್ಪು ಪದಕ್ಕೆ ಕೆಂಪು ಗೆರೆ ಬರುತ್ತಲೇ ಇಲ್ಲ ಅಂತ. ಅವನು ಕಳಿಸಿದ ಫೈಲಿನಲ್ಲಿ 'ಬೆ೦ಗಳೂರು' ಇತ್ತು. ನೋಡಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಹುಡುಕಿದರೆ ಮಾತ್ರ ಸಿಗುವುದಿಲ್ಲ. ನಾನು 'ಬೆಂಗಳೂರು' ಅಂತ ಟೈಪ್ ಮಾಡಿ ಹುಡುಕಿದೆ, ಆ ಪದವನ್ನು ದಾಟಿಕೊಂಡು ಮುಂದೆ ಹೋಯಿತು.

ಪೈಥಾನಿನಲ್ಲಿ ಒಂದೊಂದೇ ಅಕ್ಷರದ ಯೂನಿಕೋಡ್ ಸಂಖ್ಯೆ (ಕಂಪ್ಯೂಟರು ಪ್ರತಿ ಅಕ್ಷರಕ್ಕೂ ಇಟ್ಟುಕೊಳ್ಳುವ ಸಂಖ್ಯೆ) ತೆಗೆಸಿದೆ. ಅನುಸ್ವಾರದ ಸಂಖ್ಯೆ 3202. ಅವನ ಫೈಲಿನಲ್ಲಿ ಅದೇ ಜಾಗದಲ್ಲಿ 3302 ಇತ್ತು. ಸರಿಯಾಗಿ ನೂರು ಹೆಚ್ಚು. ಅದು ಕನ್ನಡದ ಅಂಕೆ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಉಂಗುರ. ಹಳೇ ಫಾಂಟಿನ ಬರಹವನ್ನು ಯಾವುದೋ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಸಿದ್ದನಂತೆ. ಅದು ಅನುಸ್ವಾರ ಇದ್ದಲ್ಲೆಲ್ಲಾ ಸೊನ್ನೆ ಇಟ್ಟಿತ್ತು. ಕೆಲವರು ಕೈಯಾರೆ ಹಾಗೆ ಟೈಪ್ ಮಾಡುವುದೂ ಉಂಟು.

ಸರಿ, ಅದು ತಪ್ಪು ಪದ ಅಂತಾಯಿತು. ಹಾಗಾದರೆ ಕೆಂಪು ಗೆರೆ ಯಾಕಿಲ್ಲ? ಪದಪಟ್ಟಿಯಲ್ಲಿ ಸೊನ್ನೆ ಇರುವ ಪದವೇ ಇಲ್ಲ. ಟರ್ಮಿನಲ್ಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ಹನ್‌ಸ್ಪೆಲ್‌ಗೆ ನೇರ ಕೊಟ್ಟರೆ ತಪ್ಪು ಅಂತಲೇ ಹೇಳುತ್ತದೆ. ರೈಟರಿನಲ್ಲಿ ಮಾತ್ರ ತೆಪ್ಪಗಿರುತ್ತದೆ. ಒಂದು ಸಂಜೆ ಪೂರ್ತಿ ಆಫ್ ಫೈಲು ಕೆದಕಿದೆ. ದೋಷ ಅಲ್ಲಿ ಇರಲೇ ಇಲ್ಲ. ಲಿಬ್ರೆಆಫೀಸಿನ ರೈಟಿಂಗ್ ಏಡ್ಸ್ ಪುಟದಲ್ಲಿ 'ಅಂಕೆ ಇರುವ ಪದಗಳನ್ನು ಪರೀಕ್ಷಿಸು' ಅನ್ನುವ ಆಯ್ಕೆ ಇದೆ. ಮೊದಲಿಂದಲೂ ಅದು ಆಫ್ ಆಗಿರುತ್ತದೆ. 'ಎ4', 'ಬಿ12' ಥರದ ಪದಗಳಿಗೆ ಸುಮ್ನೆ ಗೆರೆ ಹಾಕಬಾರದು ಅಂತ. ಅಂಕೆ ಅಂದರೆ ಇಂಗ್ಲಿಷ್ ಅಂಕೆ ಮಾತ್ರ ಅಲ್ಲ, ಕನ್ನಡದ ಅಂಕೆಗಳೂ ಆ ಲೆಕ್ಕದಲ್ಲಿ ಸೇರಿವೆ. 'ಬೆ೦ಗಳೂರು' ಅದರ ಕಣ್ಣಿಗೆ ಅಂಕೆ ಇರುವ ಪದ. ಹನ್‌ಸ್ಪೆಲ್ ತನಕ ಅದು ಹೋಗುವುದೇ ಇಲ್ಲ.

ಆ ಆಯ್ಕೆಯನ್ನು ಆನ್ ಮಾಡಿ ನೋಡಿದೆ. 'ಬೆ೦ಗಳೂರು' ಕೆಂಪಾಯಿತು. ಅದರ ಜೊತೆಗೆ '2024ರಲ್ಲಿ', '5ನೇ', '10ರಿಂದ' ಎಲ್ಲವೂ ಕೆಂಪಾದವು. ಕನ್ನಡದಲ್ಲಿ ಅಂಕೆಗೆ ಪ್ರತ್ಯಯ ಅಂಟಿಸದೆ ಒಂದು ಪುಟ ಬರೆಯುವುದು ಕಷ್ಟ. ಚಿಕ್ಕಮ್ಮನಿಗೆ ಇದನ್ನು ಕೊಟ್ಟರೆ ಇನ್ನೊಂದು ಫೋಟೋ ಗ್ಯಾರಂಟಿ. ಆಫ್ ಮಾಡಿದೆ.

ಆಮೇಲೆ ಈ ಕೆಲಸವನ್ನು ನೀಲಿ ಗೆರೆಯ ಭಾಗಕ್ಕೆ ಸಾಗಿಸಿದೆ. ವಾಕ್ಯ ನೋಡುವ ಪೈಥಾನ್ ಭಾಗಕ್ಕೆ ಈ ಅಂಕೆಯ ತಡೆ ಇಲ್ಲ. ನಿಯಮ ಸರಳ: ಕನ್ನಡ ಅಕ್ಷರ ಆದ ಕೂಡಲೇ ಕನ್ನಡ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು ಅಂತ ಸೂಚಿಸು. '೧೦ನೇ' ಇದಕ್ಕೆ ಸಿಕ್ಕಿಬೀಳುವುದಿಲ್ಲ. ಅಲ್ಲಿ ಸೊನ್ನೆಯ ಹಿಂದೆ ಇರುವುದು ಅಂಕೆ, ಅಕ್ಷರ ಅಲ್ಲ.

ಬರೆದೆ. ಕೆಲಸ ಮಾಡಲಿಲ್ಲ. ಕಾರಣ ಹಳೇ ಶತ್ರು. ಪೈಥಾನಿನ ಪ್ಯಾಟರ್ನ್ ಭಾಷೆಯಲ್ಲಿ 'ಪದದ ಅಕ್ಷರ' ಅನ್ನಲು ಒಂದು ಸಂಕೇತ ಇದೆ: ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಡಬ್ಲ್ಯೂ. ಇಂಗ್ಲಿಷಿಗೆ ಚೆನ್ನಾಗಿ ನಡೆಯುತ್ತದೆ. ಕನ್ನಡದಲ್ಲಿ ಅದು ಮೂಲ ಅಕ್ಷರ, ಅಂಕೆಗಳನ್ನು ಮಾತ್ರ ಒಪ್ಪುತ್ತದೆ. ಗುಣಿತದ ಚಿಹ್ನೆ, ಅರ್ಧಾಕ್ಷರ ಮಾಡುವ ಹಲಂತ, ಅನುಸ್ವಾರ ಯಾವುದನ್ನೂ ಅಕ್ಷರ ಅಂತ ಒಪ್ಪುವುದಿಲ್ಲ. 'ಕನ್ನಡ' ಕೊಟ್ಟರೆ 'ಕನ' ಮತ್ತು 'ನಡ' ಅಂತ ಎರಡು ತುಂಡು ಕೈಗೆ ಬರುತ್ತವೆ. 'ಬೆಂಗಳೂರು' ಕೊಟ್ಟರೆ 'ಬ', 'ಗಳ', 'ರ'. 'ಬೆ೦'ನಲ್ಲಿ ಸೊನ್ನೆಯ ಹಿಂದೆ ಇರುವುದು ಎತ್ವದ ಚಿಹ್ನೆ. ಅದನ್ನು ಅಕ್ಷರ ಅಂತ ಒಪ್ಪದ ಮೇಲೆ ನಿಯಮ ಹೇಗೆ ತಗಲೀತು? ಪದದ ಅಂಚು ಹುಡುಕುವ ಸಂಕೇತದ್ದೂ ಇದೇ ಕತೆ. ಅದು 'ಕನ್ನಡ'ದ ನಡುವೆಯೇ ಅಂಚು ಕಾಣುತ್ತದೆ.

ಎಲ್ಲಾ ಕಡೆ ಆ ಸಂಕೇತ ಕಿತ್ತು ಹಾಕಿ, ಕನ್ನಡದ ಯೂನಿಕೋಡ್ ವ್ಯಾಪ್ತಿಯನ್ನೇ ನೇರ ಬರೆದೆ: 3200ರಿಂದ 3327. ಅದರಲ್ಲಿ ಅಂಕೆಗಳ ಹತ್ತು ಜಾಗ ಬಿಟ್ಟು. ಇದನ್ನು ಮಾಡಿದ ಕೂಡಲೇ ಸೊನ್ನೆ ಸಿಕ್ಕಿತು. ಅದಷ್ಟೇ ಅಲ್ಲ, ಎಷ್ಟೋ ದಿನದಿಂದ ಅರ್ಥವಾಗದೆ ಉಳಿದಿದ್ದ ಎರಡು ಬೇರೆ ದೋಷಗಳೂ ತಾವಾಗೇ ಮಾಯ ಆದವು. ನೀವು ಪೈಥಾನಿನಲ್ಲಿ ಕನ್ನಡ ಮುಟ್ಟುವವರಾದರೆ ಇದೊಂದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಸೊನ್ನೆಯ ತಮ್ಮ ಒಂಬತ್ತು. ಅರ್ಕಾವತ್ತು ನೋಡಲು ಕನ್ನಡ ಒಂಬತ್ತರ ಹಾಗೇ ಇದೆ. ಹಾಗಾಗಿ 'ಕಾಯ೯', 'ಸೂಯ೯' ಅಂತ ಅಂಕೆ ಒತ್ತಿ ಬರೆಯುವವರು ಬೇಕಾದಷ್ಟಿದ್ದಾರೆ. ಸೊನ್ನೆಯನ್ನು ಇದ್ದಲ್ಲೇ ಬದಲಾಯಿಸಿದರೆ ಮುಗಿಯಿತು. ಒಂಬತ್ತು ಹಾಗಲ್ಲ. ಬರವಣಿಗೆಯಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಕೂರುತ್ತದೆ. ಉಚ್ಚಾರಣೆಯಲ್ಲಿ, ಯೂನಿಕೋಡಿನಲ್ಲೂ, 'ರ್' ಆ ಅಕ್ಷರಕ್ಕಿಂತ ಮೊದಲು ಬರಬೇಕು. ಅಂದರೆ ಒಂಬತ್ತನ್ನು ತೆಗೆದು, ಅದರ ಹಿಂದಿನ ಅಕ್ಷರ ದಾಟಿ, ಅದಕ್ಕೂ ಮೊದಲು 'ರ್' ಇಡಬೇಕು.

ನನ್ನ ಮೊದಲ ಪ್ರಯತ್ನ ಒಂದು ವ್ಯಂಜನವನ್ನು ಮಾತ್ರ ದಾಟುತ್ತಿತ್ತು. 'ಸೂಯ೯' ಸರಿಯಾಗಿ 'ಸೂರ್ಯ' ಆಯಿತು. 'ಆಶೀವಾ೯ದ' ಕೊಟ್ಟಾಗ ದೀರ್ಘದ ಚಿಹ್ನೆ ಒಂಟಿಯಾಗಿ ಬೇರೆ ಬಿದ್ದು, ಚುಕ್ಕೆಗಳ ವೃತ್ತ ಬಂತು. 'ಅಘ್ಯ೯' ಕೊಟ್ಟರೆ 'ಅಘ್ರ್ಯ' ಅಂತ ನಾಲಿಗೆ ಹೊರಳದ ಪದ ಹುಟ್ಟಿತು. ಸರಿಯಾದ ನಿಯಮ ಏನೆಂದರೆ, ಒತ್ತಕ್ಷರ ಗುಣಿತ ಎಲ್ಲಾ ಸೇರಿದ ಇಡೀ ಅಕ್ಷರವನ್ನು ಹಿಡಿದು, ಅದಕ್ಕೂ ಮೊದಲು 'ರ್' ತರಬೇಕು. ಆಗ 'ಆಶೀರ್ವಾದ', 'ಈರ್ಷ್ಯೆ', 'ಅರ್ಘ್ಯ' ಮೂರೂ ಸರಿಯಾದವು.

ಗೆಳೆಯನ ಫೈಲಿನಲ್ಲಿ ಪರೀಕ್ಷೆ ಮಾಡುವಾಗ 'ಪುಟ೯' ಅನ್ನುವುದಕ್ಕೆ ನನ್ನ ಆಡ್-ಇನ್ 'ಪುರ್ಟ' ಅಂತ ಸೂಚನೆ ಕೊಟ್ಟಿತು. ನಡುವೆ ಜಾಗ ಬಿಡದೆ ಪುಟಸಂಖ್ಯೆ ಬರೆದಿದ್ದ ಪುಣ್ಯಾತ್ಮ. ಹಾಗಾಗಿ ಇನ್ನೊಂದು ತಡೆ ಹಾಕಿದೆ. ತಿದ್ದಿದ ಪದ ಪದಪಟ್ಟಿಯಲ್ಲಿ ಇದ್ದರೆ ಮಾತ್ರ ನೀಲಿ ಗೆರೆ. ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರು.

ಅರ್ಕಾವತ್ತಿನ ಮಾತು ಬಂದಾಗಲೇ ಒಂದು ಸಣ್ಣ ಸೇರ್ಪಡೆ. ಅಂಕೆ ಬಳಸದೆ ಸರಿಯಾಗಿ ಟೈಪ್ ಮಾಡುವವರೂ 'ಆರ್ಶೀವಾದ' ಅಂತ ಬರೆಯುತ್ತಾರೆ. ಮದುವೆ ಕಾಗದಗಳಲ್ಲಿ ಇದನ್ನು ನೋಡಿಯೇ ಇರುತ್ತೀರಿ. ಅರ್ಕಾವತ್ತನ್ನು 'ವಾ' ಬಲಕ್ಕೆ ಹಾಕುವ ಬದಲು 'ಶೀ' ಬಲಕ್ಕೆ ಹಾಕಿದ ಫಲ. ಇದಕ್ಕೆ ಕೆಂಪು ಗೆರೆ ಬರುತ್ತಿತ್ತು, ಆದರೆ ಸೂಚನೆಗಳಲ್ಲಿ 'ಆಶೀರ್ವಾದ' ಇರುತ್ತಿರಲಿಲ್ಲ. ನಮ್ಮ ಕಣ್ಣಿಗೆ ಒಂದು ಗುರುತು ಆಚೀಚೆ ಆದದ್ದು ಅಷ್ಟೇ. ಹನ್‌ಸ್ಪೆಲ್ ಲೆಕ್ಕದಲ್ಲಿ 'ರ', ಹಲಂತ ಎರಡೂ ಕಿತ್ತು ಬೇರೆ ಕಡೆ ಹೋಗಿವೆ. ದೂರದ ತಪ್ಪು ಅದು. ಆಫ್ ಫೈಲಿನ ಬದಲಿ ಪಟ್ಟಿಯಲ್ಲಿ 'ರ್ಶೀವಾ' ಇದ್ದರೆ 'ಶೀರ್ವಾ' ಮಾಡಿ ನೋಡು ಅಂತ ಒಂದು ಸಾಲು ಸೇರಿಸಿದೆ. ಅಲ್ಪಪ್ರಾಣ ಮಹಾಪ್ರಾಣದ ಜೋಡಿಗಳನ್ನೂ ಅಲ್ಲೇ ಹಾಕಿದೆ: ಬ–ಭ, ದ–ಧ, ತ–ಥ. ಆಮೇಲೆ ಶ–ಷ–ಸ, ನ–ಣ, ಲ–ಳ. ಈಗ 'ಶುಭಾಷಯ'ಕ್ಕೆ 'ಶುಭಾಶಯ'ವೇ ಮೊದಲ ಸೂಚನೆ.

ಕಾಣದ ಅಕ್ಷರಗಳು

ಕನ್ನಡ ಬರಹದಲ್ಲಿ ಎರಡು ಕಾಣದ ಅಕ್ಷರಗಳಿವೆ. ಒಂದು 'ಸೇರಬೇಡ' ಅನ್ನುವ ಜೋಡಿಸದಿಕ್ಕ, 8204. 'ಸಾಫ್ಟ್‌ವೇರ್' ಬರೆಯುವಾಗ 'ಟ್' ಕೆಳಗೆ ವ ಒತ್ತು ಬೀಳದ ಹಾಗೆ ತಡೆಯುವುದು ಅದು. ಇನ್ನೊಂದು 'ಸೇರು' ಅನ್ನುವ ಜೋಡಿಸಿಕ್ಕ, 8205. 'ರ‍್ಯಾಂಕ್' ಪದದಲ್ಲಿ ಅರ್ಕಾವತ್ತು ಬರದೆ 'ರ' ಕೆಳಗೆ ಯ ಒತ್ತು ಬರುವಂತೆ ಮಾಡುವುದು ಅದು. ಈ ಹೆಸರುಗಳು ನನ್ನವೇ, ನಗಬೇಡಿ.

ಹಿಂದಿನ ಆವೃತ್ತಿಯಲ್ಲಿ ನಾನು ಸೋಮಾರಿತನ ಮಾಡಿದ್ದೆ. ಹನ್‌ಸ್ಪೆಲ್‌ನಲ್ಲಿ 'ಇಗ್ನೋರ್' ಅಂತ ಒಂದು ಆದೇಶ ಇದೆ. ಅರೇಬಿಕ್, ಹೀಬ್ರೂ ಬರಹದಲ್ಲಿ ಇದ್ದರೂ ಆಯಿತು ಬಿಟ್ಟರೂ ಆಯಿತು ಅನ್ನುವ ಚಿಹ್ನೆಗಳಿಗೆ ಅದು ಹೇಳಿ ಮಾಡಿಸಿದ್ದು. ಎರಡೂ ಕಾಣದ ಅಕ್ಷರಗಳನ್ನು ಅದಕ್ಕೆ ಕೊಟ್ಟುಬಿಟ್ಟಿದ್ದೆ. ಯಾರು ಹೇಗೆ ಬರೆದರೂ ಸರಿ ಅನ್ನಲಿ ಅಂತ. ಪರೀಕ್ಷೆ ಮಾಡಿದಾಗ ಚೆನ್ನಾಗೇ ಇತ್ತು. ಆದರೆ ಇಗ್ನೋರ್ ಬರೀ ಬರೆದ ಪದಕ್ಕೆ ಅನ್ವಯಿಸುವುದಲ್ಲ. ಪದಪಟ್ಟಿಯಿಂದಲೂ ಆ ಅಕ್ಷರಗಳನ್ನು ಕಿತ್ತು ಹಾಕುತ್ತದೆ. ಯಾರಾದರೂ 'ಸಾಪ್ಟ್‌ವೇರ್' ಅಂತ ತಪ್ಪು ಬರೆದು, ಬಲಗುಂಡಿ ಒತ್ತಿ, ಸೂಚನೆ ಆರಿಸಿದರೆ 'ಸಾಫ್ಟ್ವೇರ್' ಬಂದು ಕೂರುತ್ತಿತ್ತು. ಪ ಹೋಗಿ ಫ ಬಂತು, ಆದರೆ ಟ ಕೆಳಗೆ ವ ಒತ್ತು ಬಿತ್ತು. ತಿದ್ದುವ ಉಪಕರಣವೇ ಕೆಡಿಸಿದ ಹಾಗಾಯಿತು.

ಇಗ್ನೋರ್ ತೆಗೆದೆ. ಜೋಡಿಸದಿಕ್ಕನನ್ನು ಪದದ ಭಾಗವಾಗಿಯೇ ಪಟ್ಟಿಯಲ್ಲಿ ಉಳಿಸಿದೆ. ಅದನ್ನು ಮರೆತು ಬರೆದವರಿಗೆ ಸೂಚನೆ ಬರಲಿ ಅಂತ, 'ಹಲಂತ ಇದ್ದಲ್ಲಿ ಹಲಂತದ ಜೊತೆ ಜೋಡಿಸದಿಕ್ಕ ಇಟ್ಟು ನೋಡು' ಅನ್ನುವ ಬದಲಿ ಸಾಲು ಹಾಕಿದೆ. ಒಂದೊಂದೇ ಹಲಂತಕ್ಕೆ ಪ್ರಯತ್ನಿಸಿ, ಸರಿಯಾದ ಪದ ಸಿಕ್ಕಾಗ ತೋರಿಸುತ್ತದೆ.

ಮರುದಿನವೇ ಹೊಸ ದೂರು. 'ಫೈಲ್' ಅನ್ನುವ ಪದ ಒಂದು ಕಡೆ ಸರಿ, ಇನ್ನೊಂದು ಕಡೆ ಕೆಂಪು. ಕಣ್ಣಿಗೆ ಎರಡೂ ಒಂದೇ. ಸಂಖ್ಯೆ ತೆಗೆಸಿ ನೋಡಿದರೆ ಎರಡನೆಯದರ ಕೊನೆಯಲ್ಲಿ ಜೋಡಿಸದಿಕ್ಕ ಕೂತಿದ್ದ. ಕೆಲವರಿಗೆ ಹಲಂತದ ನಂತರ ಅದನ್ನು ಒತ್ತುವುದು ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಇದಕ್ಕೆ ಒಂದು ವಿಚಿತ್ರ ಪ್ರತ್ಯಯ ಬರೆದೆ: ಪದ ಹಲಂತದಲ್ಲಿ ಮುಗಿದರೆ, ಕೊನೆಗೆ ಜೋಡಿಸದಿಕ್ಕನನ್ನು ಸೇರಿಸಿದರೂ ಅದು ಸರಿಯಾದ ರೂಪ. ಅಂದರೆ ಏನೂ ಕಾಣದ ಒಂದು ವಿಭಕ್ತಿ. ಚಿಕ್ಕಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.

ಜೋಡಿಸಿಕ್ಕನ ಕೆಲಸ ಸುಲಭ ಅಂದುಕೊಂಡಿದ್ದೆ. 'ಸೂರ್ಯ'ವನ್ನು ಅರ್ಕಾವತ್ತಿನಲ್ಲೂ ಬರೆಯಬಹುದು, 'ಸೂರ‍್ಯ' ಅಂತಲೂ ಬರೆಯಬಹುದು. ಎರಡನ್ನೂ ಒಪ್ಪಬೇಕು. ಆಫ್ ಫೈಲಿನಲ್ಲಿ ಒಳಬರುವ ಪದವನ್ನು ಬದಲಾಯಿಸುವ ಆದೇಶವೂ ಇದೆ, ಹೊರಹೋಗುವ ಸೂಚನೆಯನ್ನು ಬದಲಾಯಿಸುವ ಆದೇಶವೂ ಇದೆ. ಒಳಬರುವಾಗ ಜೋಡಿಸಿಕ್ಕ ಇರುವ 'ರ‍್' ಅನ್ನು ಬರಿ 'ರ್' ಮಾಡಿದೆ. ಹೊರಹೋಗುವಾಗ 'ರ್ಯಾ' ಇದ್ದರೆ 'ರ‍್ಯಾ' ಮಾಡು ಅಂದೆ. 'ರ‍್ಯಾಂಕ್', 'ರ‍್ಯಾಲಿ' ಚೆನ್ನಾಗಿ ಕಾಣಲಿ ಅಂತ.

ಆಗ ಸೂಚನೆಗಳಲ್ಲಿ 'ಕಾರ‍್ಯಾಲಯ', 'ಸೂರ‍್ಯಾಸ್ತ' ಬರತೊಡಗಿದವು. ತಪ್ಪು ಅಂತ ಹೇಳುವ ಹಾಗಿಲ್ಲ, ಆದರೆ ಯಾರೂ ಕೇಳಿರಲಿಲ್ಲ. 'ರ್ಯಾಂ' ಅಂತ ಬಿಗಿ ಮಾಡಿದೆ. ಆಗ 'ಕಾರ್ಯಾಂಗ' ಸಿಕ್ಕಿಹಾಕಿಕೊಂಡಿತು. ಕೊನೆಗೆ ಸೋತು 'ರ್ಯಾಂಕ', 'ರ್ಯಾಲಿ' ಅಂತ ಪೂರಾ ಬರೆದೆ. ಜಾಣತನದ ನಿಯಮಕ್ಕಿಂತ ಎರಡು ದಡ್ಡ ಸಾಲು ವಾಸಿ.

ಟರ್ಮಿನಲ್ಲಿನಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಜೋಡಿಸದಿಕ್ಕ ಇರುವ ಪದ ಎರಡು ತುಂಡಾಗುತ್ತಿದ್ದರೆ 'ವರ್ಡ್‌ಕ್ಯಾರ್ಸ್' ಸಾಲಿನಲ್ಲಿ ಅದನ್ನು ಸೇರಿಸಿ. ಆದರೆ ಆ ಸಾಲು ಟರ್ಮಿನಲ್ಲಿನ ಹನ್‌ಸ್ಪೆಲ್‌ಗೆ ಮಾತ್ರ. ಲಿಬ್ರೆಆಫೀಸ್ ಪದಗಳನ್ನು ತನ್ನ ಪಾಡಿಗೆ ತಾನೇ ಬಿಡಿಸಿಕೊಳ್ಳುತ್ತದೆ. ಅಲ್ಲಿ ಏನೂ ಬದಲಾಗಲಿಲ್ಲ ಅಂತ ನನ್ನ ಹಾಗೆ ಒಂದು ಗಂಟೆ ಕಳೆಯಬೇಡಿ.

ಊರಿಗೆ, ಗುರುವಿಗೆ, ಬಸ್ಸಿಗೆ

ಚಿಕ್ಕಮ್ಮನ ಪುಟದಲ್ಲಿ ಉಳಿದ ಕೆಂಪು ಗೆರೆಗಳಲ್ಲಿ ಬಹುಪಾಲು ವಿಭಕ್ತಿ ಪ್ರತ್ಯಯಗಳದ್ದು. ಹನ್‌ಸ್ಪೆಲ್ ಒಂದು ಪದದ ಬಾಲದಿಂದ ಎರಡು ಹಂತದ ಪ್ರತ್ಯಯ ಮಾತ್ರ ಬಿಡಿಸುತ್ತದೆ. ನಾನು ಬಹುವಚನ ಒಂದು ಹಂತ, ವಿಭಕ್ತಿ ಒಂದು ಹಂತ, ಕೊನೆಯ 'ಊ', 'ಏ', 'ಓ'ಗಳು ಇನ್ನೊಂದು ಹಂತ ಅಂತ ಮೂರು ಮಾಡಿದ್ದೆ. ವ್ಯಾಕರಣ ಪುಸ್ತಕದ ಪ್ರಕಾರ ಚಂದ. 'ಮನೆಗಳಲ್ಲಿ' ತನಕ ಸರಿ, 'ಮನೆಗಳಲ್ಲಿಯೂ' ಅಂದರೆ ಕೆಂಪು. ಬಹುವಚನ, ವಿಭಕ್ತಿ ಎರಡನ್ನೂ ಕಲಸಿ ಒಂದೇ ಹಂತ ಮಾಡಿದೆ: ಗಳನ್ನು, ಗಳಿಗೆ, ಗಳಿಂದ, ಗಳಲ್ಲಿ. ಎರಡನೇ ಹಂತ ಬಾಲದ ಸ್ವರಗಳಿಗೆ ಖಾಲಿಯಾಯಿತು. ಫೈಲು ಉದ್ದ ಆಯಿತು, ಆಗಲಿ.

ಪ್ರತಿ ಪ್ರತ್ಯಯ ಗುಂಪಿನ ತಲೆಯಲ್ಲಿ ಎಷ್ಟು ಸಾಲು ಇವೆ ಅಂತ ಎಣಿಕೆ ಬರೆಯಬೇಕು. ಸಾಲು ಸೇರಿಸಿ ಎಣಿಕೆ ಬದಲಾಯಿಸಲು ಮರೆತರೆ ಗುಂಪು ಕೆಡುತ್ತದೆ. ಟರ್ಮಿನಲ್ಲಿನಲ್ಲಾದರೆ ಒಂದು ಬೈಗುಳದ ಸಾಲು ಬರುತ್ತದೆ. ರೈಟರಿನಲ್ಲಿ ಏನೂ ಗೊತ್ತಾಗುವುದಿಲ್ಲ. ಈಗ ಎಣಿಕೆ ಬರೆಯಲು ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಆ ಸ್ಕ್ರಿಪ್ಟು ಮೊದಲ ದಿನ ಡಿಕ್ ಫೈಲಿನ ಮೊದಲ ಸಾಲನ್ನೇ ಅಳಿಸಿ ಹಾಕಿತು. ಕನ್ನಡ ಅಲ್ಲದ ಸಾಲು ಬೇಡ ಅಂತ ನಾನೇ ಹೇಳಿದ್ದೆ. ಆ ಸಾಲಿನಲ್ಲಿ ಇದ್ದದ್ದು ಪದಗಳ ಒಟ್ಟು ಸಂಖ್ಯೆ. ಅದಿಲ್ಲದೆ ಇಡೀ ಪಟ್ಟಿ ಲೋಡ್ ಆಗಲಿಲ್ಲ.

ಅಕಾರಾಂತ ಪದಗಳಲ್ಲಿ ಬೇರೆ ಥರದ ದೋಷ. ಯೂನಿಕೋಡಿನಲ್ಲಿ 'ಮರ' ಅಂದರೆ ಮ, ರ ಎರಡೇ. ಕೊನೆಯ 'ಅ'ಗೆ ಗುರುತೇ ಇಲ್ಲ. ಹಾಗಾ‌ಗಿ 'ಕೊನೆಯಲ್ಲಿ ಯಾವ ಗುಣಿತ ಚಿಹ್ನೆಯೂ ಇಲ್ಲದಿದ್ದರೆ ಅಕಾರಾಂತ' ಅಂತ ನಿಯಮ ಬರೆದಿದ್ದೆ. ಚಿಹ್ನೆಗಳನ್ನೆಲ್ಲಾ ಪಟ್ಟಿ ಮಾಡಿ, ಹಲಂತವನ್ನು ಬಿಟ್ಟುಬಿಟ್ಟಿದ್ದೆ. ಹಾಗಾಗಿ 'ಬಸ್' ಕೂಡ ಅಕಾರಾಂತ ಆಗಿ, 'ಮರವನ್ನು' ಥರ 'ಬಸ್ವನ್ನು' ಸರಿ ಅಂತ ಒಪ್ಪುತ್ತಿತ್ತು. ಹಲಂತ, ಅನುಸ್ವಾರ, ವಿಸರ್ಗ ಮೂರನ್ನೂ ಸೇರಿಸಿದೆ.

ನಿಜವಾದ ಕಗ್ಗಂಟು ಉಕಾರಾಂತ. 'ಊರು' 'ಊರಿಗೆ' ಆಗುತ್ತದೆ, ಉ ಹೋಗುತ್ತದೆ. 'ಗುರು' 'ಗುರುವಿಗೆ' ಆಗುತ್ತದೆ, ಉ ಉಳಿದು ವ ಬರುತ್ತದೆ. ಎರಡೂ ಮುಗಿಯುವುದು 'ರು'ನಲ್ಲೇ. ಕೊನೆಯ ಅಕ್ಷರ ನೋಡಿ ಹೇಳಲು ಆಗುವುದಿಲ್ಲ. ಹಳೇ ಆವೃತ್ತಿಯಲ್ಲಿ ಎಲ್ಲಕ್ಕೂ ಎರಡೂ ನಿಯಮ ಕೊಟ್ಟಿದ್ದೆ. 'ಗುರಿಗೆ' ಹೇಗೂ 'ಗುರಿ' ಇಂದ ಬರುವ ಸರಿಯಾದ ಪದ. ಆದರೆ 'ಊರುವಿಗೆ', 'ಹಸಿಗೆ' ಅಂತೆಲ್ಲಾ ಒಪ್ಪುತ್ತಿತ್ತು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಲೋಪಸಂಧಿ, ಆಗಮಸಂಧಿ ಅಂತ ಶುರು ಮಾಡಿದರು. ಅದು ನನಗೂ ಗೊತ್ತು, ಯಾವಾಗ ಯಾವುದು ಅಂತ ಹೇಳಿ ಅಂದೆ. ಸ್ವಲ್ಪ ಹೊತ್ತು ಬಾಯಲ್ಲೇ ಪದ ಹೇಳಿಕೊಂಡರು. ಗುರು, ಮಗು, ಹಸು, ಕರು, ನಡು, ಮಧು. ಊರು, ಕಾಡು, ನೀರು, ಕಲ್ಲು, ಹೆಸರು, ಹಗಲು. "ಎರಡೇ ಅಕ್ಷರ ಇದ್ದು, ಮೊದಲನೆಯದು ಲಘು ಆದರೆ ಉ ಉಳಿಯುತ್ತೆ ನೋಡು" ಅಂದರು. 'ಮಗುವಿಗೆ', 'ಹಸುವಿಗೆ', 'ಕರುವಿಗೆ', 'ನಡುವಿನ'. ಮೊದಲಕ್ಷರ ಗುರು ಆದರೆ, ಅಥವಾ ಪದ ಉದ್ದ ಇದ್ದರೆ, ಉ ಹೋಗುತ್ತದೆ. 'ಕಾಡಿಗೆ', 'ಕಲ್ಲಿಗೆ', 'ಹೆಸರಿಗೆ'. ಛಂದಸ್ಸಿನ ಲಘು ಗುರು ನನ್ನ ಆಫ್ ಫೈಲಿಗೆ ಬಂದು ಕೂತೀತು ಅಂತ ಅಂದುಕೊಂಡಿರಲಿಲ್ಲ.

ಸಂಸ್ಕೃತ ಪದಗಳು ಈ ಮಾತು ಕೇಳುವುದಿಲ್ಲ. 'ವಸ್ತುವಿಗೆ', 'ಸಾಧುವಿಗೆ', 'ವಾಯುವಿಗೆ', 'ಶತ್ರುವಿಗೆ': ಮೊದಲಕ್ಷರ ಏನೇ ಇರಲಿ ಉ ಉಳಿಯುತ್ತದೆ. ಅವನ್ನು ಕೈಯಿಂದಲೇ ಗುರುತು ಮಾಡಿದೆ. ಸಂಖ್ಯೆಗಳದ್ದು ಮೂರನೇ ದಾರಿ: 'ಆರಕ್ಕೆ', 'ಏಳಕ್ಕೆ', 'ಹತ್ತಕ್ಕೆ'. 'ಅದು', 'ಇದು' ಕೂಡ ಹಾಗೇ, 'ಅದಕ್ಕೆ', 'ಇದಕ್ಕೆ'. ಅವೂ ಬೇರೆ ಗುಂಪು.

ಮಜಾ ಏನೆಂದರೆ, ಇದೇ ಲಘು ಗುರು ಇಂಗ್ಲಿಷಿನಿಂದ ಬಂದ ಪದಗಳಿಗೂ ಕೆಲಸಕ್ಕೆ ಬಂತು. 'ಬಸ್' 'ಬಸ್ಸಿಗೆ' ಆಗುತ್ತದೆ, 'ಪೆನ್' 'ಪೆನ್ನಿಗೆ'. ಹ್ರಸ್ವ ಇದ್ದರೆ ವ್ಯಂಜನ ಇಮ್ಮಡಿ. 'ಫೋನಿಗೆ', 'ಕಾರಿಗೆ', 'ಫೈಲಿಗೆ': ದೀರ್ಘ ಇದ್ದರೆ ಒಂದೇ. ಇದರ ಜೊತೆಗೆ 'ಬಸ್‌ಗೆ', 'ಫೋನ್‌ಗೆ' ಕೂಡ ಒಪ್ಪಿಕೊಂಡೆ. ಪತ್ರಿಕೆಗಳೇ ಹಾಗೆ ಬರೆಯುತ್ತಿರುವಾಗ ನಾನು ಯಾಕೆ ಜಗಳ ಮಾಡಲಿ?

ಬೇಗ ಬೇಗ

ಇನ್ನು ನೀಲಿ ಗೆರೆಯ ಒಂದು ನಾಚಿಕೆಗೇಡು. ಒಂದೇ ಪದ ಎರಡು ಸಲ ಬಂದರೆ ತಪ್ಪು ಅನ್ನುವ ನಿಯಮವನ್ನು ಇಂಗ್ಲಿಷ್ ಮಾದರಿಯಿಂದ ಹಾಗೇ ಎತ್ತಿಕೊಂಡಿದ್ದೆ. ಚಿಕ್ಕಮ್ಮನ ಲೇಖನದಲ್ಲಿ 'ಬಿಸಿ ಬಿಸಿ', 'ಮನೆ ಮನೆ', 'ಸಣ್ಣ ಸಣ್ಣ', 'ಯಾರು ಯಾರು', 'ಮತ್ತೆ ಮತ್ತೆ' ಎಲ್ಲದಕ್ಕೂ ನೀಲಿ ಗೆರೆ. "ದ್ವಿರುಕ್ತಿ ಪಾಠ ಮರೆತುಬಿಟ್ಟೆಯಾ?" ಅಂತ ಕೇಳಿದರು. ಉತ್ತರ ಇರಲಿಲ್ಲ. ನಿಯಮವನ್ನು ಬೋಳಿಸಿ ನಾಲ್ಕೈದು ಪದಕ್ಕೆ ಇಳಿಸಿದೆ: 'ಮತ್ತು ಮತ್ತು', 'ಹಾಗೂ ಹಾಗೂ', 'ಅಥವಾ ಅಥವಾ' ಥರದವು. ಇವು ಎರಡು ಸಲ ಬಂದರೆ ಕೈ ತಪ್ಪಿದ್ದೇ.

'ಅಲ್ವಾ', 'ಸುಮ್ನೆ', 'ಜಾಸ್ತಿ' ಥರದ ಪದಗಳನ್ನೂ ಈ ಸಲ ಪಟ್ಟಿಗೆ ಸೇರಿಸಿದೆ. ಚಿಕ್ಕಮ್ಮನಿಗೆ ಇದು ಒಪ್ಪಿಗೆ ಇಲ್ಲ. ಕತೆ ಬರೆಯುವವರು ಮಾತಿನ ಕನ್ನಡ ಬರೆಯಬೇಡವೇ ಅಂತ ವಾದ ಮಾಡಿದೆ. ಅವರು "ನನ್ನದರಲ್ಲಿ ಕೆಂಪು ಬರೋ ಹಾಗೆ ಮಾಡು" ಅಂದರು. ಇಂಥ ಪದಗಳನ್ನು ಬೇರೆ ಫೈಲಿನಲ್ಲಿ ಇಟ್ಟು, ಅವರಿಗೆ ಆ ಫೈಲಿಲ್ಲದ ಪ್ಯಾಕೇಜು ಕೊಟ್ಟೆ.

ಪ್ಯಾಕೇಜು ಮಾಡುವಾಗಲೂ ಎರಡು ಎಡವಟ್ಟು. ಫೋಲ್ಡರನ್ನೇ ಜಿಪ್ ಮಾಡಬಾರದು, ಅದರೊಳಗಿನ ಫೈಲುಗಳನ್ನು ಮಾಡಬೇಕು. ಇಲ್ಲದಿದ್ದರೆ ಒಳಗೆ ಏನೇನಿದೆ ಅಂತ ಹೇಳುವ ಮ್ಯಾನಿಫೆಸ್ಟ್ ಫೈಲು ಒಂದು ಹಂತ ಒಳಗೆ ಹೋಗಿ, ಎಕ್ಸ್‌ಟೆನ್ಷನ್ ಮ್ಯಾನೇಜರಿಗೆ ಸಿಗುವುದಿಲ್ಲ. ಇನ್ನೊಂದು ಆವೃತ್ತಿ ಸಂಖ್ಯೆ. ಹಿಂದಿನದಕ್ಕೆ 1.05 ಅಂತ ಕೊಟ್ಟಿದ್ದೆ. ಇಷ್ಟೆಲ್ಲಾ ಬದಲಾಗಿದೆ ಅಂತ ಇದಕ್ಕೆ 1.1 ಕೊಟ್ಟೆ. ಹಾಕಲು ಹೋದರೆ 'ಇದಕ್ಕಿಂತ ಹೊಸದು ಈಗಾಗಲೇ ಇದೆ' ಅನ್ನುತ್ತದೆ! ಅದು ದಶಮಾಂಶ ಅಲ್ಲ. ಚುಕ್ಕೆಯ ಆಚೆಯ ಭಾಗವನ್ನು ಬೇರೆ ಸಂಖ್ಯೆಯಾಗಿ ಹೋಲಿಸುತ್ತದೆ, ಮುಂದಿನ ಸೊನ್ನೆಗೆ ಬೆಲೆ ಇಲ್ಲ. 05 ಅಂದರೆ ಐದು. ಐದರ ಮುಂದೆ ಒಂದು ಹಳೆಯದೇ ತಾನೇ. 1.6 ಅಂತ ಹೆಸರಿಟ್ಟು ಮುಗಿಸಿದೆ.

ಉಳಿದಿರುವ ಕೆಲಸ ಇನ್ನೂ ಇದೆ. 'ಮನೆಯಲ್ಲಿದ್ದೇನೆ', 'ಊರಿನಲ್ಲಿರುವ' ಥರ ಕ್ರಿಯಾಪದ ಅಂಟಿದ ಪದಗಳಿಗೆ ಅರ್ಧ ಪರಿಹಾರ ಮಾತ್ರ ಆಗಿದೆ. 'ಇರು' ಧಾತುವಿನ ಹೆಚ್ಚು ಬಳಕೆಯ ರೂಪಗಳನ್ನು ಎರಡನೇ ಹಂತದ ಪ್ರತ್ಯಯದ ಹಾಗೆ ತುರುಕಿದ್ದೇನೆ. 'ಇದೆ', 'ಇಲ್ಲ', 'ಇದ್ದ', 'ಇರುವ' ಆದವು. ಆದರೆ ಅವಕ್ಕೆ ಮತ್ತೆ ಬಾಲ ಬಂದರೆ ('ಊರಿನಲ್ಲಿರುವವರಿಗೂ') ಮೂರನೇ ಹಂತ ಆಗುತ್ತದೆ, ಕೆಂಪು. ಗೆಳೆಯ ಕೇಳುತ್ತಿರುವುದು ಇನ್ನೂ ಕಷ್ಟದ್ದು. ಅವನ ನಾಟಕದ ಸಂಭಾಷಣೆಯಲ್ಲಿ 'ಕಾಫಿಗೀಫಿ', 'ಪುಸ್ತಕಗಿಸ್ತಕ', 'ಊಟಗೀಟ' ತುಂಬಿವೆ. ಮೊದಲಕ್ಷರ ತೆಗೆದು, ಹ್ರಸ್ವಕ್ಕೆ 'ಗಿ', ದೀರ್ಘಕ್ಕೆ 'ಗೀ'. ಮಕ್ಕಳಿಗೂ ಬರುವ ನಿಯಮ. ಆದರೆ ಹನ್‌ಸ್ಪೆಲ್‌ಗೆ ಪದದ ಮೊದಲರ್ಧ ನೆನಪಿಟ್ಟುಕೊಂಡು ಎರಡನೇ ಅರ್ಧ ಹೋಲಿಸಲು ಬರುವುದಿಲ್ಲ. ಪೈಥಾನ್ ಭಾಗಕ್ಕೆ ಬರುತ್ತದೆ, ಅದಕ್ಕೆ ಕೆಂಪು ಗೆರೆ ಅಳಿಸುವ ಅಧಿಕಾರ ಇಲ್ಲ. ಸದ್ಯಕ್ಕೆ ಪದಪಟ್ಟಿಯ ಹೆಸರುಪದಗಳಿಗೆಲ್ಲಾ ಒಂದೊಂದು 'ಗೀಗೀ' ರೂಪ ಹುಟ್ಟಿಸುವ ಸ್ಕ್ರಿಪ್ಟ್ ಓಡಿಸುತ್ತಿದ್ದೇನೆ. ಮೊದಲ ಸುತ್ತಿನಲ್ಲಿ 'ಗಿಡಗಿಡ' ಬಂದಿದೆ. ಅದನ್ನು ಏನು ಮಾಡುವುದು ಅಂತ ನೋಡಬೇಕು.